ಬಿಲ್ಲೆಯ ಕೆಳಗಿನ ಅರಗು

ಚೌಕದ ತಗಡನ್ನು ಯಂತ್ರದ ಮೇಲೆ ಅಲ್ಲಾಡದಂತೆ ಹಿಡಿಯುವುದು ದೊಡ್ಡ ವಿದ್ಯೆಯೇನಲ್ಲ. ನಾಲ್ಕು ಮೂಲೆಗೆ ನಾಲ್ಕು ಕ್ಲಾಂಪು ಬಿಗಿದರೆ ಮುಗಿಯಿತು. ದುಂಡಗಿನದ್ದಕ್ಕೆ ಮೂಲೆಯೇ ಇಲ್ಲ. ಅದರಲ್ಲೂ ಅದು ಹತ್ತು ರೂಪಾಯಿ ನಾಣ್ಯದಷ್ಟು ಸಣ್ಣದಾಗಿದ್ದು, ಅಂಚಿನವರೆಗೂ ಕೆತ್ತನೆ ಬರಬೇಕೆಂದರೆ ಕ್ಲಾಂಪು ಇಡಲು ಜಾಗವೇ ಉಳಿಯುವುದಿಲ್ಲ. ಮೂಡುಬಿದಿರೆಯ ಬಸ್ ನಿಲ್ದಾಣದ ಹಿಂದಿನ ನನ್ನ ಅಂಗಡಿಯಲ್ಲಿ, ಕಂಪ್ಯೂಟರ್ ಹೇಳಿದಂತೆ ಕೆತ್ತುವ ಸಿಎನ್‌ಸಿ ಯಂತ್ರ ಇಟ್ಟುಕೊಂಡು ಮನೆಗಳ ನಾಮಫಲಕ, ಬಹುಮಾನದ ಶೀಲ್ಡು ಕೆತ್ತಿಕೊಡುತ್ತ ಹಾಯಾಗಿದ್ದ ನಾನು, ಇದನ್ನೆಲ್ಲ ಯೋಚಿಸದೆ ಒಂದು ಕೆಲಸಕ್ಕೆ 'ಆಗ್ತದೆ' ಎಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ಕೈಗಿಂತ ಮುಂದೆ.

ಕೆಲಸ ತಂದವರು ವೇಣೂರು ಕಡೆಯ ಜೈನ ಮನೆಯ ಒಬ್ಬ ನಿವೃತ್ತ ಗಣಿತ ಮಾಸ್ಟ್ರು. ಸ್ಟೀಲಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು, "ಇದು ನಮ್ಮ ದೊಡ್ಡಮ್ಮನ ಕೊಡಪಾನ" ಎಂದರು. ಮುಚ್ಚಳ ತೆಗೆದರೆ ಒಳಗೆ ತಾಮ್ರದ ಬಿಲ್ಲೆಗಳು.

"ಕೊಡಪಾನ ಎಲ್ಲುಂಟು ಮಾಸ್ಟ್ರೇ?"

"ಇದೇ. ತುಂಡು ಮಾಡಿಸಿ ತಂದದ್ದು."

ಎಂಬತ್ತು ದಾಟಿದ ಅವರ ದೊಡ್ಡಮ್ಮ ಮದುವೆಯಾಗಿ ಬಂದಂದಿನಿಂದ ಬಟ್ಟೆಯಲ್ಲಿ ಸೋಸಿದ ನೀರನ್ನು ಇಡುತ್ತಿದ್ದದ್ದು ಆ ತಾಮ್ರದ ಕೊಡಪಾನದಲ್ಲಂತೆ. ನೀರಿನೊಳಗಿನ ಹುಳವೂ ಹೊಟ್ಟೆಗೆ ಹೋಗಿ ಸಾಯಬಾರದು ಎಂದು ಸೋಸುವುದು ಅವರ ಪದ್ಧತಿ. ತಳ ಸವೆದು ತೂತಾದ ಮೇಲೂ ಅಜ್ಜಿ ಅದನ್ನು ಗುಜರಿಗೆ ಕೊಡಲಿಲ್ಲ. ಅವರು ವರ್ಷಗಳಿಂದ ಜೀವದಯೆಯ ನೋಂಪಿ, ಎಂದರೆ ವ್ರತ, ಹಿಡಿದಿದ್ದರು. ಈಗ ಅದರ ಉದ್ಯಾಪನೆ. ವ್ರತ ಮುಗಿಸುವ ಆ ದಿನ, ತನ್ನೊಟ್ಟಿಗೆ ನೋಂಪಿ ಮಾಡಿದ ಹೆಂಗಸರ ಮನೆಮನೆಗೂ ಆ ಕೊಡಪಾನದ ತಾಮ್ರದಲ್ಲೇ ಪೂಜೆಯ ಸಿದ್ಧಚಕ್ರ ಕೆತ್ತಿಸಿ ಒಂದೊಂದು ಬಿಲ್ಲೆ ಕೊಡಬೇಕೆಂಬುದು ಅಜ್ಜಿಯ ಆಸೆ.

"ಮನೆಗೊಂದು. ಮೇಲೆ ಮೂರು ಹೆಚ್ಚು ಉಂಟು, ಹಾಳಾದ್ರೆ ಬೇಕಲ್ಲ" ಎಂದರು ಮಾಸ್ಟ್ರು. "ಅದಕ್ಕಿಂತ ಹೆಚ್ಚು ತಾಮ್ರ ಇಲ್ಲ. ಉಳಿದ ತುಂಡಿನಲ್ಲಿ ಬಿಲ್ಲೆಯ ಅಗಲ ಸಿಗುವುದಿಲ್ಲ." ಹೊರಡುವಾಗ ಸ್ವಲ್ಪ ತಡವರಿಸಿ, "ಕೆಲಸ ಮುಗಿಯುವವರೆಗೆ ಅಂಗಡಿಯಲ್ಲಿ ಮೀನಿನ ಊಟ..." ಎಂದು ನಿಲ್ಲಿಸಿದರು.

"ಆಯ್ತು ಮಾಸ್ಟ್ರೇ, ಬಂಗುಡೆಗೆ ರಜೆ" ಎಂದೆ.

ಬಿಲ್ಲೆಗಳನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆ ತಿಳಿಯಿತು, ಒಪ್ಪಿದ್ದು ಸುಲಭದ ಕೆಲಸವಲ್ಲ. ಕೊಡಪಾನದ ಹೊಟ್ಟೆ ಉಬ್ಬಿದ್ದು ತಾನೆ? ಬಡಿದು ಚಪ್ಪಟೆ ಮಾಡಿದ್ದರೂ ಒಂದೊಂದು ಬಿಲ್ಲೆಯ ನಡುವೆಯೂ ಒಂದಿಷ್ಟು ಉಬ್ಬು ಉಳಿದಿತ್ತು. ಒಂದರ ದಪ್ಪ ಇನ್ನೊಂದಕ್ಕಿಲ್ಲ, ಅಗಲವೂ ಅಷ್ಟೇ. ಸಿದ್ಧಚಕ್ರವೋ, ನಡುವೆ ಒಂದು ವೃತ್ತ, ಸುತ್ತ ಎಂಟು ದಳ, ದಳದೊಳಗೆ ಅಕ್ಷರ. ಗೆರೆಯ ಆಳ ಮಿಲಿಮೀಟರಿನ ಹತ್ತನೇ ಒಂದು ಭಾಗ. ಬಿಲ್ಲೆ ಕೂದಲೆಳೆಯಷ್ಟು ಎದ್ದರೆ ಅಕ್ಷರ ದಪ್ಪವಾಗುತ್ತದೆ, ಇಳಿದರೆ ಮಾಯವಾಗುತ್ತದೆ.

ಮೊದಲು ನಮ್ಮ ನಿತ್ಯದ ಉಪಾಯ, ಎರಡೂ ಬದಿ ಅಂಟುವ ಟೇಪು. ಹಿತ್ತಾಳೆಯ ಫಲಕಗಳನ್ನೆಲ್ಲ ಅದರಲ್ಲೇ ಹಿಡಿಯುವುದು. ಬಿಲ್ಲೆ ಒತ್ತಿ ಕೂರಿಸಿ ಯಂತ್ರ ಚಾಲೂ ಮಾಡಿದೆ. ಬಿಟ್ಟಿನ, ಎಂದರೆ ಕೆತ್ತುವ ಸೂಜಿಯ, ಮೊನೆ ಎರಡನೇ ದಳಕ್ಕೆ ಬರುವಷ್ಟರಲ್ಲಿ 'ಟಣ್' ಎಂದಿತು. ಬಿಲ್ಲೆ ನನ್ನ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು. ಹೆಕ್ಕಿ ನೋಡಿದರೆ ಈ ಅಂಚಿನಿಂದ ಆ ಅಂಚಿನವರೆಗೆ ಆಳದ ಗೀರು. ಟೇಪಿನ ಹಿಡಿತ ಇಷ್ಟು ಬೇಗ ಬಿಟ್ಟದ್ದೇಕೆಂದು ಬಿಲ್ಲೆಯ ಹಿಂಬದಿ ಮೂಸಿದೆ. ತೆಂಗಿನೆಣ್ಣೆ! ಮಾಸ್ಟ್ರಿಗೆ ಫೋನು ಮಾಡಿದರೆ, "ಹೌದು, ದೊಡ್ಡಮ್ಮ ಒಂದೊಂದನ್ನೇ ಹುಣಸೆಹುಳಿಯಲ್ಲಿ ತಿಕ್ಕಿ ತೊಳೆದು ಎಣ್ಣೆ ಒರಸಿ ಕೊಟ್ಟದ್ದು. ಕರಿ ಕಟ್ಟಬಾರದು ಅಂತ" ಎಂದರು. ದೇವರ ಕೆಲಸಕ್ಕೆ ಹೋಗುವ ತಾಮ್ರವನ್ನು ನಮ್ಮಲ್ಲಿ ಯಾರೂ ಹಾಗೇ ಕೊಡುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು. ನನ್ನ ತಾಯಿಯೂ ತಿಕ್ಕಿ ತೊಳೆದೇ ಕೊಡುತ್ತಿದ್ದರು.

ಎಲ್ಲವನ್ನೂ ಸೋಪಿನಲ್ಲಿ ತೊಳೆದು ಒಣಗಿಸಿದೆ. ಈಗ ಟೇಪು ಹಿಡಿಯಿತು, ಆದರೆ ಟೇಪೆಂದರೆ ಸಣ್ಣ ಹಾಸಿಗೆ ಇದ್ದ ಹಾಗೆ, ಒತ್ತಿದಲ್ಲಿ ತಗ್ಗುತ್ತದೆ. ಗೆರೆ ಒಂದು ಕಡೆ ಆಳ, ಒಂದು ಕಡೆ ತೇಲು. ಮರಳುಕಾಗದದಲ್ಲಿ ಉಜ್ಜಿ ಆ ಬಿಲ್ಲೆಯನ್ನು ಉಳಿಸಿಕೊಂಡೆ.

ಮೂರು ಹಲ್ಲಿನ ಸಣ್ಣ ಚಕ್ ಒಂದಿತ್ತು. ಸುತ್ತ ಮೂರು ಕಡೆಯಿಂದ ಒಂದೇ ಸಮನೆ ಬಂದು ಹಿಡಿಯುವಂಥದ್ದು. ದುಂಡಗಿನದ್ದಕ್ಕೆ ಹೇಳಿ ಮಾಡಿಸಿದ ಹಿಡಿತ ಎಂದು ಎಲ್ಲರೂ ಹೇಳುವುದು ಅದನ್ನೇ. ದಪ್ಪ ಸರಳಿಗೆ ಸರಿ, ತೆಳು ಬಿಲ್ಲೆಗೆ ಅಲ್ಲ. ಬಿಗಿದಷ್ಟೂ ನಡುವಿನ ಉಬ್ಬು ಮೇಲೆದ್ದಿತು. ಸಡಿಲ ಮಾಡಿದರೆ ತಿರುಗಿತು. ನಡುವೆ ಎಲ್ಲೋ ಒಂದು ಹದ ಸಿಕ್ಕಿತೆಂದು ಕೆತ್ತಲು ಬಿಟ್ಟೆ. ಹೊರಗಿನ ವೃತ್ತ ಕೆತ್ತುವಾಗ ಬಿಟ್ಟು ಚಕ್ಕಿನ ಹಲ್ಲಿಗೆ ಬಡಿದು ಮುರಿಯಿತು. ಮುರಿದ ಮೊನೆ ತಾಮ್ರದೊಳಗೆ ಹೂತುಹೋಯಿತು. ಎರಡನೇ ಬಿಲ್ಲೆಯೂ ಹೋಯಿತು.

ಆ ಮೇಲೆ ಕಾಗದದ ಟೇಪಿನ ಮೇಲೆ ಸೂಪರ್ ಗ್ಲೂ. ಹಿಡಿತ ಚೆನ್ನಾಗಿಯೇ ಇತ್ತು. ಆದರೆ ಉಬ್ಬಿನ ಅಡಿಯಲ್ಲಿ ಪೊಳ್ಳು. ಅಂಚು ಮಾತ್ರ ಅಂಟಿತ್ತು. ಬಿಟ್ಟು ನಡುವಿಗೆ ಬಂದಾಗ ಬಿಲ್ಲೆ ಅದುರಿ ಕಿರ್ರೆಂದು ಕೂಗಿತು. ಅಕ್ಷರದ ಗೆರೆಯೆಲ್ಲ ಗರಗಸದ ಹಲ್ಲಿನಂತೆ ಮೂಡಿತು. ತಕ್ಷಣ ನಿಲ್ಲಿಸಿದ್ದರಿಂದ ಉಜ್ಜಿ ಉಳಿಸಲು ಆಯಿತು. ಅಷ್ಟು ಹೊತ್ತಿಗೆ ನನ್ನ ಸಿಟ್ಟು ನೆತ್ತಿಗೇರಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ, ಇಲ್ಲಿ ನೆಲವೂ ನಿಜವಾಗಿ ಡೊಂಕಾಗಿತ್ತು.

ಅಡಿಯ ಪೊಳ್ಳನ್ನು ತುಂಬುವಂಥದ್ದು ಬೇಕಿತ್ತು. ಬಿಸಿಯಾದಾಗ ಹರಿದು ಸಂದು ತುಂಬಬೇಕು, ತಣಿದಾಗ ಕಲ್ಲಾಗಬೇಕು, ಮತ್ತೆ ಬಿಸಿ ಮಾಡಿದರೆ ಬಿಡಬೇಕು. ಅಕ್ಕಸಾಲಿಗರು ಇದಕ್ಕೆ ಬಳಸುವುದು ಅರಗು. ಪೇಟೆಯಿಂದ ತಂದೆ, ಕರಗಿಸಿ ಅಲ್ಯೂಮಿನಿಯಂ ಹಲಗೆಯ ಮೇಲೆ ಸುರಿದು ಬಿಲ್ಲೆಯನ್ನು ಒತ್ತಿ ಕೂರಿಸಿದೆ. ತಣಿದ ಮೇಲೆ ಉಗುರಿನಲ್ಲಿ ತಟ್ಟಿದರೆ ಪೊಳ್ಳು ಸದ್ದಿಲ್ಲ. ಯಂತ್ರ ಓಡಿತು. ಎಂಟು ದಳ, ಅಕ್ಷರ, ಹೊರವೃತ್ತ, ಎಲ್ಲ ಒಂದೇ ಆಳದಲ್ಲಿ ಮೂಡಿದವು. ಸಂತೋಷದಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಹೀಗೆ ಐದು ಬಿಲ್ಲೆ ಮುಗಿಸಿದೆ. ಕೈ ಓಡುತ್ತಿದ್ದ ಹಾಗೆಯೇ ತಲೆಯೂ ಓಡಿತು. ಚಿನ್ನದ ಲಾಕೆಟ್ಟಿನ ಹಿಂಬದಿಗೆ ಹೆಸರು ಕೆತ್ತುವ ಕೆಲಸ ಈಗ ಮಂಗಳೂರಿಗೆ ಹೋಗುತ್ತದೆ; ಅರಗಿನ ಹಿಡಿತ ಸಿಕ್ಕಿದ ಮೇಲೆ ಅದು ನಮ್ಮ ಊರಲ್ಲೇ ಆಗಬಹುದಲ್ಲ ಎಂದು ಇಬ್ಬರು ಬಂಗಾರದ ಅಂಗಡಿಯವರೊಂದಿಗೆ ಮಾತನ್ನೂ ಆಡಿಬಿಟ್ಟೆ.

ಆರನೆಯದನ್ನು ಕೂರಿಸುತ್ತಿದ್ದಾಗ ಮಾಸ್ಟ್ರು ಬಂದರು. ಮುಗಿದ ಬಿಲ್ಲೆ ನೋಡಿ ಮುಖ ಅರಳಿತು. ಮರುಕ್ಷಣವೇ ಮೂಗು ಅರಳಿಸಿ, "ಎಂತದು ವಾಸನೆ?" ಎಂದರು.

"ಅರಗು ಮಾಸ್ಟ್ರೇ. ಅದಿಲ್ಲದಿದ್ರೆ ನಿಮ್ಮ ಬಿಲ್ಲೆ ನಿಲ್ತಿರಲಿಲ್ಲ."

ಅವರು ಕುರ್ಚಿ ಎಳೆದು ಕೂತುಬಿಟ್ಟರು. "ಅರಗು ಹುಳದ್ದು ಅಂತ ಗೊತ್ತುಂಟಲ್ಲ ನಿಮಗೆ? ಲೆಕ್ಕವಿಲ್ಲದಷ್ಟು ಹುಳ ಸಾಯ್ತದೆ ಒಂದು ಹಿಡಿ ಅರಗಿಗೆ. ಜೀವದಯೆಯ ನೋಂಪಿ ಮಾರಾಯ್ರೆ ಇದು!"

ನನಗೆ ರೇಗಿತು. "ಹಾಗಾದ್ರೆ ಚಿನ್ನದ ಗುಂಡಿನ ಸರದೊಳಗೆ ಎಂತ ತುಂಬಿಸ್ತಾರೆ? ಅರಗೇ ಅಲ್ವಾ? ನಿಮ್ಮ ಮನೆಯಲ್ಲಿ ಯಾರೂ ಹಾಕುವುದಿಲ್ವಾ?"

"ನಾವು ಹಾಕ್ತೇವೆ. ದೊಡ್ಡಮ್ಮ ಹಾಕುವುದಿಲ್ಲ. ರೇಷ್ಮೆ ಸೀರೆಯನ್ನೂ ಉಡುವುದಿಲ್ಲ."

"ಜೇನುಮೇಣ ಆದ್ರೆ ಆದೀತಾ?"

"ಜೇನನ್ನೇ ಮುಟ್ಟದವರು ಮೇಣ ಮುಟ್ತಾರಾ?"

ಆಮೇಲೆ ಮಾಸ್ಟ್ರು ದನಿ ತಗ್ಗಿಸಿ ಹೇಳಿದ್ದು ನನಗೆ ಇನ್ನೂ ಕಷ್ಟದ್ದಾಯಿತು. "ಈ ಐದರ ವಿಷಯ ದೊಡ್ಡಮ್ಮನಿಗೆ ಹೇಳುವುದು ಬೇಡ. ಹೇಳಿದ್ರೆ ಪ್ರಾಯಶ್ಚಿತ್ತ ಅಂತ ಉಪವಾಸ ಕೂರ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಉಂಟು. ಮೊನ್ನೆ ಮೊನ್ನೆ ಉಪವಾಸ ಮಾಡಿ ಎಚ್ಚರ ತಪ್ಪಿ ಬೆಳ್ತಂಗಡಿಯ ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದು. ಇನ್ನೊಮ್ಮೆ ಹಾಗಾದ್ರೆ ಕಷ್ಟ ಅಂದಿದ್ದಾರೆ ಡಾಕ್ಟ್ರು. ಚೆನ್ನಾಗಿ ತೊಳೆದು ಉಳಿದದ್ದರೊಟ್ಟಿಗೆ ಹಾಕಿಬಿಡಿ. ಉಳಿದದ್ದಕ್ಕೆ ಬೇರೆ ದಾರಿ ನೋಡುವ."

ಐದನ್ನು ಬದಿಗಿಟ್ಟರೆ ಮನೆಗಳಿಗೆ ಸಾಲದು. ಹೇಳಿದರೆ ಅಜ್ಜಿಯ ಜೀವಕ್ಕೆ ಅಪಾಯ. ಹೇಳದಿದ್ದರೆ ಜೀವದಯೆಯ ಬಿಲ್ಲೆಯ ಅಡಿಯಲ್ಲಿ ಹುಳದ ಅರಗು ಇತ್ತೆಂಬುದನ್ನು ನಾವಿಬ್ಬರೂ ನುಂಗಿಕೊಂಡಿರಬೇಕು. ಬಿಸಿತುಪ್ಪ ಎಂದರೆ ಇದೇ. ಆ ಐದನ್ನು ಸ್ಪಿರಿಟ್ಟಿನಲ್ಲಿ ತೊಳೆದು ಬೇರೆ ಕಾಗದದಲ್ಲಿ ಸುತ್ತಿಟ್ಟೆ. ಅರಗಿನ ಪಾತ್ರೆಯನ್ನು ಹಿಂದಿನ ಕೋಣೆಗೆ ಸಾಗಿಸಿದೆ.

ಬೇರೆ ದಾರಿ ಎಂದರೆ ಯಾವುದು? ಮೇಣದಬತ್ತಿ ಕರಗಿಸಿ ನೋಡಿದೆ. ಬಿಟ್ಟು ತಾಗುತ್ತಲೇ ಬಿಲ್ಲೆ ಜರುಗಿತು. ಗೋಡೆಗೆ ಬಳಿಯುವ ಪ್ಲಾಸ್ಟರ್ ಹಾಕಿದರೆ ಹಿಡಿತವೇ ಇಲ್ಲ. ಸಿಟ್ಟಿನಲ್ಲಿ ಮೇಜು ಓರಣ ಮಾಡುತ್ತಿದ್ದಾಗ ವೈರು ಬೆಸೆಯುವ ಸಾಮಾನಿನ ನಡುವೆ ರಾಳದ ಡಬ್ಬಿ ಕಣ್ಣಿಗೆ ಬಿತ್ತು. ರಾಳ ಮರದ್ದು, ಮರದಿಂದ ಒಸರಿ ಒಣಗಿದ್ದು. ಬಿಸಿಗೆ ಕರಗುತ್ತದೆ, ತಣಿದರೆ ಗಟ್ಟಿ. ಮಾಸ್ಟ್ರಿಗೆ ಫೋನು ಮಾಡಿ, "ಮರದ ಹಾಲಿಗೆ ನಿಮ್ಮ ದೊಡ್ಡಮ್ಮನ ತಕರಾರು ಉಂಟಾ?" ಎಂದು ಕೇಳಿದೆ. ಇಲ್ಲವೆಂದರು.

ಬರೀ ರಾಳ ಗಾಜಿನ ಹಾಗೆ. ಸಣ್ಣ ಪೆಟ್ಟಿಗೇ ಬಿರುಕು ಬಿಟ್ಟು ಬಿಲ್ಲೆಯನ್ನು ಕೈಬಿಟ್ಟಿತು. ಒಡೆದ ಹಂಚನ್ನು ಕುಟ್ಟಿ ಜರಡಿ ಹಿಡಿದು ಆ ಪುಡಿಯನ್ನು ಸೇರಿಸಿದೆ. ಸ್ವಲ್ಪ ತೆಂಗಿನೆಣ್ಣೆ ಹಾಕಿದೆ. ಎಣ್ಣೆ ಹೆಚ್ಚಾದರೆ ಮೆತ್ತಗೆ, ಕಡಿಮೆಯಾದರೆ ಬಿರುಕು. ಹದ ಸಿಕ್ಕಿದರೂ ಬಿಲ್ಲೆಯ ಸುತ್ತಲಿನ ರಾಳದ ಅಂಚು ಸಿಡಿಯುತ್ತಿತ್ತು. ಚಪ್ಪಟೆ ಹಲಗೆಯ ಮೇಲೆ ಇದು ನಿಲ್ಲದು, ಸುತ್ತ ಒಂದು ಗೋಡೆ ಬೇಕು ಎನಿಸಿ, ಬಿ.ಸಿ. ರೋಡಿನಲ್ಲಿ ಲೇತ್ ಅಂಗಡಿ ಇಟ್ಟಿರುವ ಬ್ಯಾರಿ ಕಾಕನ ಬಳಿಗೆ ಬಸ್ಸು ಹತ್ತಿದೆ.

"ಹಿತ್ತಾಳೆಯ ಸಣ್ಣ ಬಟ್ಟಲು ಬೇಕು ಕಾಕ. ಬಾಯಿ ಬಿಲ್ಲೆಗಿಂತ ಒಂಚೂರು ದೊಡ್ಡದು, ಅಡಿಗೆ ಒಂದು ಕಾಂಡ. ಆ ಕಾಂಡವನ್ನು ನಾನು ಮಿಷನ್ನಿನಲ್ಲಿ ಬಿಗಿತೇನೆ."

ಕಾಕ ಬಿಲ್ಲೆಯನ್ನು ತಿರುಗಿಸಿ ನೋಡಿ, "ಒಂದೊಂದು ಒಂದೊಂದು ಅಳತೆ ಉಂಟಲ್ಲ ಇದು? ಯಾವ ಬಾಯಿಗೆ ಮಾಡಲಿ?" ಎಂದ.

"ದೊಡ್ಡ ಬಿಲ್ಲೆ ಹಿಡಿಯುವ ಹಾಗೆ ಮಾಡಿ. ಸುತ್ತ ಉಳಿದ ಸಂದಿಗೆ ರಾಳ ಹೋಗ್ತದೆ."

"ಬಿಲ್ಲೆಯನ್ನು ಹಿಡಿಯುವುದು ಬಿಟ್ಟು ಬಟ್ಟಲನ್ನು ಹಿಡಿಯುವುದು! ಆಗ್ಲಿ" ಎಂದು ನಕ್ಕು ಅಲ್ಲೇ ನಾಲ್ಕು ಬಟ್ಟಲು ಕಡೆದುಕೊಟ್ಟ.

ಬಟ್ಟಲಿಗೆ ರಾಳ ಸುರಿದು ಬಿಲ್ಲೆಯನ್ನು ಕೂರಿಸಿ, ಮೇಲಿನಿಂದ ಚಪ್ಪಟೆ ಉಕ್ಕಿನ ತುಂಡು ಒತ್ತಿ ತಣಿಯಲು ಬಿಟ್ಟೆ. ಮೊದಲಿನದ್ದು ಚೆನ್ನಾಗಿ ಬಂತು. ಬಿಲ್ಲೆಯ ಉಬ್ಬನ್ನು ಲೆಕ್ಕಕ್ಕೆ ಹಿಡಿಯಲು ಯಂತ್ರ ಕೆತ್ತುವ ಮೊದಲು ಅಲ್ಲಲ್ಲಿ ಮುಟ್ಟಿ ಎತ್ತರ ಅಳೆಯುತ್ತದೆ. ಒಂದು ವೈರು ಬಿಟ್ಟಿಗೆ, ಇನ್ನೊಂದು ಬಟ್ಟಲಿಗೆ. ಬಿಟ್ಟು ತಾಮ್ರಕ್ಕೆ ತಾಗಿದ ಕೂಡಲೇ ಕರೆಂಟು ಹರಿದು ಯಂತ್ರ ನಿಲ್ಲಬೇಕು. ಎರಡನೆಯ ಬಿಲ್ಲೆಯಲ್ಲಿ ಅದು ನಿಲ್ಲಲಿಲ್ಲ. ಬಿಟ್ಟು ಇಳಿಯುತ್ತಲೇ ಹೋಯಿತು. ನಾನು ಕೂಗಿ ಗುಂಡಿ ಒತ್ತುವಷ್ಟರಲ್ಲಿ ಬಿಲ್ಲೆಯ ನಟ್ಟನಡುವೆ ತೂತು ಬಿದ್ದಿತ್ತು. ಹಲಗೆಯ ಮೇಲಾದರೆ ಒತ್ತಿದ ಬಿಲ್ಲೆಯ ಅಂಚು ಲೋಹಕ್ಕೆ ತಾಗುತ್ತಿತ್ತು; ಇಲ್ಲಿ ರಾಳ ಬಿಲ್ಲೆಯ ಸುತ್ತಲೂ ಏರಿದ್ದರಿಂದ ತಾಮ್ರಕ್ಕೂ ಬಟ್ಟಲಿಗೂ ಸಂಪರ್ಕವೇ ಇರಲಿಲ್ಲ. ರಾಳದಲ್ಲಿ ಕರೆಂಟು ಹರಿಯುವುದಿಲ್ಲ ಎಂಬುದು ವೈರು ಬೆಸೆಯುವ ನನಗೆ ಗೊತ್ತಿದ್ದ ವಿಷಯವೇ. ಮೂರನೆಯ ಹೆಚ್ಚುವರಿ ಬಿಲ್ಲೆಯೂ ಹೋಯಿತು. ಇನ್ನು ಒಂದು ಹಾಳಾದರೆ ಒಂದು ಮನೆಗೆ ಇಲ್ಲ.

ಅಂಗಡಿಯ ಬಾಗಿಲು ಎಳೆದು, ಮೆಟ್ಟಿಲ ಮೇಲೆ ಕೂತು ಅತ್ತೆ. ಸಿಟ್ಟಿನ ಅಳು ಅದು. ಮಾಸ್ಟ್ರಿಗೆ ಡಬ್ಬಿ ಹಿಂದಿರುಗಿಸಿ ಕೈ ಮುಗಿಯುವ ಎಂದೂ ಅನಿಸಿತು. ಆದರೆ ಹಿಂದಿರುಗಿಸುವುದಾದರೂ ಏನನ್ನು? ತೂತು ಬಿದ್ದ ಬಿಲ್ಲೆಯನ್ನೇ? ಎದ್ದು ಮುಖ ತೊಳೆದುಕೊಂಡೆ. ಆಮೇಲೆ ಒಂದೊಂದು ಬಿಲ್ಲೆಯ ಅಂಚಿನಲ್ಲೂ ರಾಳವನ್ನು ಸೂಜಿಯಿಂದ ಕೆರೆದು ತೆಳು ತಂತಿ ತಾಗಿಸಿ, ಸಂಪರ್ಕ ಉಂಟೇ ಎಂದು ಮೀಟರಿನಲ್ಲಿ ನೋಡಿ, ಮೊದಲ ಸಲ ಮುಟ್ಟುವಾಗ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ನಿಂತೆ. ನಾಲ್ಕು ಕೂರಿಸಿದರೆ ಒಂದು ತಣಿಯುವಾಗಲೇ ಬಿರುಕು ಬಿಡುತ್ತಿತ್ತು. ಅದನ್ನು ಮತ್ತೆ ಕರಗಿಸಿ ಮೊದಲಿನಿಂದ. ಅರಗಿನಲ್ಲಿ ಅರ್ಧ ದಿನದಲ್ಲಿ ಮುಗಿಯುತ್ತಿದ್ದದ್ದಕ್ಕೆ ಮೂರು ನಾಲ್ಕು ದಿನ ಹಿಡಿಯಿತು. ಬೆನ್ನು ಬಗ್ಗಿ, ಉಸಿರು ಬಿಗಿಹಿಡಿದು ಮಾಡಿದ ಕೆಲಸ. ಆದರೆ ಮತ್ತೊಂದು ಹಾಳಾಗಲಿಲ್ಲ. ಒಂದು ಮಾತ್ರ ನಿಶ್ಚಯವಾಯಿತು: ಚಿನ್ನದ ಲಾಕೆಟ್ಟನ್ನು ಈ ರಾಳದ ಮೇಲೆ ನಂಬಿ ಕೂರಿಸಲಾಗದು, ಅದಕ್ಕೆ ಅರಗೇ ಬೇಕು.

ಉದ್ಯಾಪನೆಗೆ ಮೂರು ದಿನ ಇರುವಾಗ ಮಾಸ್ಟ್ರು ಕಾರು ತಂದರು. ಬಿಲ್ಲೆಗಳನ್ನು ನಾನೇ ತಲುಪಿಸಬೇಕೆಂದು ಅಜ್ಜಿ ಹೇಳಿಕಳಿಸಿದ್ದರಂತೆ. ಹತ್ತುವಾಗ ಮಾಸ್ಟ್ರು ನನ್ನ ಚೀಲ ನೋಡಿ, "ಎಲ್ಲ ಒಟ್ಟಿಗೆ ಹಾಕಿದ್ದೀರಲ್ಲ?" ಎಂದು ಕೇಳಿದರು. ಡಬ್ಬಿಯ ಮೇಲೆ ಆ ಐದರ ಪೊಟ್ಟಣ ಬೇರೆಯೇ ಇತ್ತು. "ಅಲ್ಲಿ ಹೋಗಿ ಹಾಕ್ತೇನೆ" ಎಂದೆ. ಏಕೆ ಹಾಕಲು ಕೈ ಬರಲಿಲ್ಲವೋ, ನನಗೂ ಸರಿಯಾಗಿ ತಿಳಿಯದು.

ದಾರಿಯಲ್ಲಿ ರಸ್ತೆ ಕೆಲಸಕ್ಕೆ ತಡೆ. ತಲುಪುವಾಗ ಬಿಸಿಲು ಹಳದಿಗೆ ತಿರುಗಿತ್ತು. ಮಾಸ್ಟ್ರ ಹೆಂಡತಿ ಅಂಗಳದಲ್ಲೇ ಕಾಯುತ್ತಿದ್ದರು. "ಬಿಲ್ಲೆ ನೋಡಿಯೇ ಊಟ ಅಂತ ಕೂತಿದ್ದಾರೆ. ಬೇಗ ತೋರಿಸಿ" ಎಂದರು. ನೋಂಪಿಯ ಕೊನೆಯ ದಿನಗಳಲ್ಲಿ ಅಜ್ಜಿಗೆ ದಿನಕ್ಕೆ ಒಂದೇ ಊಟ. ಸೂರ್ಯ ಮುಳುಗಿದ ಮೇಲೆ ಒಂದು ಹನಿ ನೀರೂ ಇಲ್ಲ.

ಅಜ್ಜಿ ಜಗಲಿಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಹತ್ತಿಯ ಸೀರೆ, ಬೋಳು ಕೊರಳು, ಬಲು ಸಣ್ಣ ಜೀವ. ಮಣೆಯ ಮೇಲೆ ಬಟ್ಟೆ ಹಾಸಿ ಬಿಲ್ಲೆಗಳನ್ನು ಸುರಿದೆ. ಒಂದನ್ನು ಕಣ್ಣಿನ ಹತ್ತಿರ ಹಿಡಿದು ದಳಗಳ ಮೇಲೆ ಬೆರಳಾಡಿಸಿದರು. ಕಣ್ಣು ತುಂಬಿ ಬಂತು ಅವರಿಗೆ. ಆಮೇಲೆ ಮಗುವಿನಂತೆ ಕುತೂಹಲದಿಂದ ಕೇಳಿದರು.

"ಇಷ್ಟು ಸಣ್ಣದು ಮಗಾ, ಮಿಷನ್ ಬರೆಯುವಾಗ ಓಡಿಹೋಗುವುದಿಲ್ವಾ? ಹೇಗೆ ಹಿಡಿದದ್ದು ನೀನು?"

ಮಾಸ್ಟ್ರು ಕೆಮ್ಮಿದರು. ನಾನು ರಾಳದ ಕತೆ ಹೇಳಿದೆ, ಹಂಚಿನ ಪುಡಿ, ಬಟ್ಟಲು ಎಲ್ಲ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅಜ್ಜಿ ಒಂದೊಂದಕ್ಕೂ 'ಹೌದಾ' ಎನ್ನುತ್ತ, ನನ್ನ ಮುಖವನ್ನೇ ನೋಡುತ್ತ ಕೇಳುತ್ತಿದ್ದರು. ಆಮೇಲೆ ಚೀಲದಲ್ಲಿದ್ದ ಪೊಟ್ಟಣ ನೋಡಿ, "ಅದರಲ್ಲಿ?" ಎಂದರು.

"ಅದರಲ್ಲಿ ಐದು ಉಂಟಮ್ಮ. ಅವನ್ನು ಅರಗಿನಲ್ಲಿ ಹಿಡಿದದ್ದು. ನನಗೆ ಗೊತ್ತಾಗಲಿಲ್ಲ. ಮಾಸ್ಟ್ರು ಹೇಳಿದ ಮೇಲೆ ನಿಲ್ಲಿಸಿದೆ."

ಮಾಸ್ಟ್ರು ತಲೆಯ ಮೇಲೆ ಕೈ ಇಟ್ಟುಕೊಂಡರು. ಅಜ್ಜಿಗೆ ಸಿಟ್ಟು ಬರಲಿಲ್ಲ. ಪೊಟ್ಟಣ ಬಿಚ್ಚಿ ಐದನ್ನೂ ಮಣೆಯ ಒಂದು ಮೂಲೆಗೆ ಸರಿಸಿದರು. ಒಳಗಿನಿಂದ ಮಾಸ್ಟ್ರ ಹೆಂಡತಿ ತಟ್ಟೆ ತಂದಾಗ ಅದರತ್ತ ನೋಡಲೇ ಇಲ್ಲ.

"ಒಳಗೇ ಇಟ್ಟುಬಿಡು. ಐದು ಬಿಲ್ಲೆಗೆ ಐದು ಉಪವಾಸ. ಇವತ್ತಿನಿಂದಲೇ ಆಗಲಿ" ಎಂದರು.

"ದೊಡ್ಡಮ್ಮ, ಸಕ್ಕರೆಯ ಗುಳಿಗೆ ತಗೊಂಡಿದ್ದೀರಿ, ಉಣ್ಣದಿದ್ರೆ ಹೇಗೆ! ಆಸ್ಪತ್ರೆಯಲ್ಲಿ ಎಂತ ಹೇಳಿದ್ರು ನೆನಪುಂಟಲ್ಲ?" ಎಂದು ಮಾಸ್ಟ್ರು ಗೋಗರೆದರು. ಆಮೇಲೆ ನನ್ನ ಕಡೆ ತಿರುಗಿ, "ಹೇಳಬೇಡಿ ಅಂದಿದ್ದೆ ನಾನು" ಎಂದರು. ಸೂರ್ಯ ಎದುರಿನ ಗುಡ್ಡದ ನೆತ್ತಿಗೆ ಬಂದಿದ್ದ.

"ಅರಗು ಹಾಕಿದ್ದು ನಾನು. ಉಪವಾಸ ನಿಮಗೆ ಯಾಕೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆಯಾ ಅಮ್ಮ?" ಎಂದುಬಿಟ್ಟೆ.

"ಎಮ್ಮೆ ಯಾರು, ನಾನಾ?" ಅಜ್ಜಿ ನಕ್ಕರು. "ಮಾಡಿಸಿದ್ದು ನಾನಲ್ವಾ ಮಗಾ. ನನ್ನ ಆಸೆಗೆ ಸತ್ತದ್ದು ಅವು."

"ಹಾಗಾದ್ರೆ ಆ ಐದು ಉಪವಾಸ ನಾನು ಮಾಡ್ತೇನೆ."

"ನಿನ್ನ ಹಸಿವಿನಿಂದ ಯಾವ ಹುಳಕ್ಕೆ ಎಂತ ಲಾಭ? ನಾಳೆ ಮತ್ತೆ ಅರಗು ಕರಗಿಸ್ತಿ." ನನ್ನ ಕಡೆ ತಿರುಗಿ, "ನಿಯಮ ತಗೊಳ್ತೀಯಾ? ಅರಗು ಬಿಡ್ತೇನೆ ಅಂತ? ಆ ಐದಕ್ಕೆ ಅದೇ ಸಾಕು." ಎಂದು ಕೇಳಿದರು.

ನಿಯಮ ಎಂದರೆ ಅವರಲ್ಲಿ ಹಿರಿಯರ ಮುಂದೆ ಒಂದು ವಸ್ತುವನ್ನು ಬಿಟ್ಟೆನೆಂದು ಹೇಳುವುದು. ಹೇಳಿದರೆ ಹೇಳಿದ ಹಾಗೆ ನಡೆಯಬೇಕು. ಲಾಕೆಟ್ಟಿನ ಕೆಲಸವೆಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಮಾತಾಡಿ ಬಂದ ಎರಡು ಅಂಗಡಿ, ಅವರು ತೋರಿಸಿದ ಪುಟ್ಟ ಪುಟ್ಟ ದುಂಡು ಲಾಕೆಟ್ಟುಗಳು.

"ಒಂದು ವರ್ಷಕ್ಕೆ ಬಿಡ್ತೇನೆ" ಎಂದೆ.

"ಇದು ಮೀನಿನ ಮಾರ್ಕೆಟ್ಟಾ ಮಗಾ, ಚೌಕಾಶಿ ಮಾಡ್ಲಿಕ್ಕೆ?" ಎಂದು ಅಜ್ಜಿ ಶಾಂತವಾಗಿಯೇ ಹೇಳಿದರು. "ಒತ್ತಾಯ ಇಲ್ಲ. ಮನಸ್ಸಿಲ್ಲದಿದ್ರೆ ಬೇಡ. ನನ್ನದು ನಾನು ಮಾಡ್ತೇನೆ."

"ಬೇಗ ಏನಾದ್ರೂ ಹೇಳಿ ಮಾರಾಯ್ರೆ" ಎಂದರು ಮಾಸ್ಟ್ರು. ಅವರ ಕಣ್ಣು ಗುಡ್ಡದ ಮೇಲೆಯೇ ಇತ್ತು. ಸೂರ್ಯನ ಕೆಳಗಿನ ಅಂಚು ಮರಗಳಿಗೆ ತಾಗಿಬಿಟ್ಟಿತ್ತು. ಅಜ್ಜಿ ಮಣೆಗೆ ಕೈಯೂರಿ ಏಳಲು ಹೋಗಿ, ಆಗದೆ ಮತ್ತೆ ಕೂತರು. ನನಗೆ ಭಯವಾಯಿತು, ನಾಚಿಕೆಯೂ ಆಯಿತು, ಅಷ್ಟೇ ಸಿಟ್ಟೂ ಬಂತು. ಇಷ್ಟು ಹಗುರದ ಮುದುಕಿ ನನ್ನನ್ನು ಹೀಗೆ ಕಟ್ಟಿಹಾಕಿದರಲ್ಲ ಎಂದು.

"ಬಿಟ್ಟೆ" ಎಂದೆ.

"ಎಷ್ಟು ದಿನಕ್ಕೆ?"

"ನಾನು ಮಿಷನ್ ನಡೆಸುವಷ್ಟು ದಿನ. ಇನ್ನು ಏಳಿ, ಊಟ ಮಾಡಿ!"

ನನ್ನ ದನಿ ಗದರಿದ ಹಾಗೆಯೇ ಬಂದಿರಬೇಕು. ಅಜ್ಜಿ ಮಾಸ್ಟ್ರ ಹೆಂಡತಿಯ ಕೈ ಹಿಡಿದು ಎದ್ದು ಒಳಗೆ ಹೋದರು. ಬಾಗಿಲಿನಿಂದ ಅವರು ತಟ್ಟೆಯ ಮುಂದೆ ಕೂರುವುದು ಕಾಣುತ್ತಿತ್ತು. ಕೈ ತೊಳೆದರು, ಕಣ್ಣು ಮುಚ್ಚಿ ಏನನ್ನೋ ಹೇಳಿಕೊಂಡರು. ಅದು ಮುಗಿಯುವಂತೆಯೇ ಕಾಣಲಿಲ್ಲ. ನಾನೂ ಮಾಸ್ಟ್ರೂ ಜಗಲಿಯಲ್ಲಿ ನಿಂತು ಒಮ್ಮೆ ಗುಡ್ಡವನ್ನು, ಒಮ್ಮೆ ಅವರ ಕೈಯನ್ನು ನೋಡುತ್ತಿದ್ದೆವು. ಮರಗಳ ಸಂದಿನಲ್ಲಿ ಕೆಂಪು ಇನ್ನೂ ಇರುವಾಗಲೇ ಮೊದಲ ತುತ್ತು ಬಾಯಿಗೆ ಹೋಯಿತು. ಮಾಸ್ಟ್ರು ಕಂಬಕ್ಕೆ ಒರಗಿದರು.

ಬೇಗ ಬೇಗ ನಾಲ್ಕು ತುತ್ತು ಉಂಡು, ನೀರು ಕುಡಿದು, ಅಜ್ಜಿ ಒಳಗಿನಿಂದಲೇ ಕೂಗಿ ಹೇಳಿದರು. "ಆ ಐದನ್ನೂ ಉಳಿದದ್ದರೊಟ್ಟಿಗೆ ಹಾಕು ಮಗಾ. ನೀನೇ ಹಾಕು."

ಮೂಲೆಯಲ್ಲಿದ್ದ ಐದನ್ನು ಅಂಗೈಗೆ ತೆಗೆದುಕೊಂಡು ರಾಶಿಯ ಮೇಲಿಟ್ಟು, ಕೈಯಾಡಿಸಿ ಬೆರೆಸಿದೆ. ಬೆರೆಸಿದ ಮೇಲೆ ಒಂದನ್ನೆತ್ತಿ ತಿರುಗಿಸಿ ನೋಡಿದೆ, ಇನ್ನೊಂದನ್ನೂ ನೋಡಿದೆ. ಅರಗಿನದ್ದು ಯಾವುದು, ರಾಳದ್ದು ಯಾವುದು, ಕೆತ್ತಿದ ನನಗೇ ಗೊತ್ತಾಗಲಿಲ್ಲ.